ಅಬು ಗಿಯಾಸ್ ಮಾಳಿಗೆ ಹತ್ತದ ಸಂಜೆ

ನನ್ನ ಗಂಡ ಕಾರಿನ ರೇಡಿಯೇಟರ್ ರಿಪೇರಿ ಮಾಡುವವರು. ಸಿರಿಯಾದ ನಮ್ಮ ಸಲಮಿಯಾ ಊರಿನಲ್ಲಿ ಯಾರೂ ಅವರನ್ನು ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಮಗನ ಹೆಸರು ಸೇರಿಸಿ ಅಬು ಗಿಯಾಸ್, ಗಿಯಾಸನ ಅಪ್ಪ. ನಾನು ಉಮ್ಮ್ ಗಿಯಾಸ್, ಗಿಯಾಸನ ಅಮ್ಮ. ಆ ಮಗನನ್ನು ಯುದ್ಧದ ಎರಡನೆಯ ವರ್ಷ ಚೆಕ್‌ಪೋಸ್ಟಿನಲ್ಲಿ ಸೈನಿಕರು ಬಸ್ಸಿನಿಂದ ಇಳಿಸಿಕೊಂಡು ಹೋದರು. ನಮ್ಮ ಬಳಿ ಉಳಿದದ್ದು ಹೆಸರೊಂದೇ.

ನನ್ನ ಗಂಡನಿಗೆ ನಕ್ಷತ್ರದ ಹುಚ್ಚು. ತಿಮಿಂಗಿಲ ಎಂಬ ನಕ್ಷತ್ರಪುಂಜದಲ್ಲಿ ಒಂದು ಕೆಂಪು ನಕ್ಷತ್ರವಿದೆ. ಕೆಲವು ವಾರ ಚೆನ್ನಾಗಿ ಹೊಳೆದು, ಮಂಕಾಗಿ, ಕಣ್ಣಿಗೇ ಸಿಗದಂತಾಗಿ, ಮತ್ತೆ ಬರುತ್ತದೆ. ದೊಡ್ಡ ದೂರದರ್ಶಕದವರಿಗೆ ದಿನಾ ಅದೊಂದನ್ನೇ ಕಾಯಲು ಪುರುಸೊತ್ತಿಲ್ಲ. ಅದಕ್ಕೇ ಲೋಕದ ತುಂಬ ಇವರಂಥವರು ಮಾಳಿಗೆ ಹತ್ತುತ್ತಾರೆ. ಅಕ್ಕಪಕ್ಕದ ಎರಡು ಗೊತ್ತಿರುವ ನಕ್ಷತ್ರಗಳೊಂದಿಗೆ ಹೋಲಿಸಿ, ಇದಕ್ಕಿಂತ ಮಂಕು, ಅದಕ್ಕಿಂತ ಪ್ರಕಾಶ ಎಂದು ಅಂದಾಜು ಕಳಿಸುತ್ತಾರೆ. ಎಲ್ಲರದೂ ಸೇರಿದಾಗ ವಿಜ್ಞಾನಿಗಳಿಗೆ ಅದರ ಏರಿಳಿತ ತಿಳಿಯುತ್ತದೆ. ಸಂಬಳವಿಲ್ಲ, ಸುಡುಗಾಡಿಲ್ಲ. ಕರೆಂಟ್ ಹೋದರೆ ಊರೆಲ್ಲ ಶಾಪ ಹಾಕುತ್ತಿತ್ತು. ಇವರು ಮಾತ್ರ ಒಳ್ಳೆ ಕತ್ತಲೆ ಎಂದು ದುರ್ಬೀನು ಹಿಡಿದು ಮೇಲೆ ಓಡುತ್ತಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಎಷ್ಟು ಬೈದಿದ್ದೇನೋ.

ಒಂದು ವಿಷಯಕ್ಕೆ ಮೆಚ್ಚಬೇಕು. ಕಾಣದ್ದನ್ನು ಕಂಡೆ ಎಂದವರಲ್ಲ. ನಕ್ಷತ್ರ ಅಲ್ಲೇ ಇರುವುದು ಗೊತ್ತಿದ್ದರೂ, ಕಣ್ಣಿಗೆ ಸಿಗದಿದ್ದರೆ 'ಕಾಣಲಿಲ್ಲ' ಎಂದೇ ಕಳಿಸುವುದು. ಅದೂ ಲೆಕ್ಕಕ್ಕೆ ಬರುತ್ತದಂತೆ.

"ಒಂದ್ಸಲ ಸುಳ್ಳು ಹೇಳಿದೋನು ಆಮೇಲೆ ಏನೂ ಕಳಿಸಬಾರದು. ಅವನ ಕಣ್ಣನ್ನ ಯಾರು ನಂಬ್ತಾರೆ?" ಎನ್ನುತ್ತಿದ್ದರು.

ಗಿಯಾಸನನ್ನು ಆ ಜೈಲಿನಲ್ಲಿ ಕಂಡೆ, ಈ ಜೈಲಿನಲ್ಲಿ ಕಂಡೆ ಎಂದು ಬಂದವರನ್ನೆಲ್ಲ ನಾನು ಕಾಫಿ ಕೊಟ್ಟು ಕೂರಿಸುತ್ತಿದ್ದೆ. ಇವರು ಎದ್ದು ಹೋಗುತ್ತಿದ್ದರು. ಎಂಥ ಕಲ್ಲು ಮನಸ್ಸಪ್ಪಾ ಎಂದುಕೊಳ್ಳುತ್ತಿದ್ದೆ.

ಸರ್ಕಾರ ಬಿದ್ದು ಜೈಲುಗಳ ಬಾಗಿಲು ತೆರೆದ ಚಳಿಗಾಲದಲ್ಲಿ, ಒಳಗೆ ಸತ್ತವರ ಫೋಟೋಗಳನ್ನು ಹಮಾ ಪಟ್ಟಣದ ಒಂದು ಸಭಾಂಗಣದಲ್ಲಿ ತೋರಿಸುತ್ತಿದ್ದರು. ಇಬ್ಬರೂ ಹೋದೆವು. ನನಗೆ ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತೆ. ತೆರೆದ ಬಾಗಿಲಿನಿಂದ ಅವರು ಕಾಣುತ್ತಿದ್ದರು. ಒಂದು ಫೋಟೋದ ಮುಂದೆ ನಿಂತರು. ತಮ್ಮ ಕಿವಿ ಮುಟ್ಟಿ ನೋಡಿಕೊಂಡರು. ತಿರುಗಿ ನನ್ನ ಮುಖ ನೋಡಿದರು. ಮತ್ತೆ ಫೋಟೋ ನೋಡಿದರು.

ಹೊರಗೆ ಬಂದಾಗ ಅವರ ತೋಳು ಹಿಡಿದುಕೊಂಡೆ.

"ಇದ್ನಾ?"

"ಕಾಣಲಿಲ್ಲ."

ಅವರ ಬಾಯಿಂದ ಬಂದ ಮಾತು. ನಂಬದೆ ಇರುವುದು ಹೇಗೆ? ದಾರಿಯಲ್ಲಿ ಬಿಸಿ ರೊಟ್ಟಿ ಕೊಂಡೆ. ಎಷ್ಟೋ ವರ್ಷದ ಮೇಲೆ ಹೊಟ್ಟೆ ತುಂಬ ತಿಂದೆ. ಮಗ ಎಲ್ಲೋ ಬದುಕಿದ್ದಾನೆ ಎಂದು ನೆರೆಮನೆಯವಳಿಗೂ ಹೇಳಿ ಬಂದೆ.

ಸಂಜೆ ಕರೆಂಟ್ ಹೋಯಿತು. ಮೋಡವಿರಲಿಲ್ಲ. ಇವರು ಒಲೆಯ ಮುಂದೆ ಕುಳಿತೇ ಇದ್ದರು.

"ರೀ, ಮಾಳಿಗೆಗೆ ಹೋಗಲ್ವಾ? ಒಳ್ಳೆ ಕತ್ತಲೆ ಇದೆ," ಎಂದು ನಾನೇ ರೇಗಿಸಿದೆ.

"ಇನ್ಮೇಲೆ ನಾನು ಕಳಿಸೋ ಹಾಗಿಲ್ಲ," ಎಂದರು.

ಆಗ ಆ ಕಿವಿ, ನನ್ನ ಮುಖದ ಕಡೆ ತಿರುಗಿದ ಆ ನೋಟ, ಎಲ್ಲ ಅರ್ಥವಾಯಿತು. ಆ ಫೋಟೋವನ್ನು ಗೊತ್ತಿರುವ ಎರಡರ ಜೊತೆ ಹೋಲಿಸಿ ನೋಡಿದ್ದರು.

ದುರ್ಬೀನು ಇವತ್ತಿಗೂ ಗೋಡೆಯ ಮೊಳೆಯಲ್ಲೇ ತೂಗುತ್ತಿದೆ. ಮಗನ ವಿಷಯ ನಾನು ಎರಡನೆಯ ಸಲ ಕೇಳಿಲ್ಲ. ಕೇಳಿದರೆ ನಿಜ ಹೇಳಿಬಿಡುತ್ತಾರೆ.