ಸರದಾರನ ಕಟ್ಟೆ

ಎರಡು ವರ್ಷದ ಹಿಂದೆ ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಬೆಳಗಿನ ಬಿಸಿಲು ಚುರುಕಾಗುವ ಮೊದಲು, ನಾನು ಜಡಿಗೇನಹಳ್ಳಿ ರಸ್ತೆ ಬದಿಯ ನಮ್ಮೂರ ಗೋಮಾಳದಲ್ಲಿ, ಹೊಸ ಕಟ್ಟೆಯ ಎಡಮಗ್ಗುಲಿಗೆ, ಹೊಂಗೆ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಅಂದು ನಡೆದದ್ದನ್ನು ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಎಲ್ಲರ ಕಥೆಯಲ್ಲೂ ಹೇಳುವವನೇ ಎತ್ತಿನ ಕೊಂಬು ಹಿಡಿದಿರುತ್ತಾನೆ. ನಾನು ಕೊಂಬು ಹಿಡಿಯಲಿಲ್ಲ. ಮರ ಹಿಡಿದುಕೊಂಡಿದ್ದೆ.

ಕಟ್ಟೆ ಸರದಾರನದು. ಸರದಾರ ನಮ್ಮೂರ ಪಿಳ್ಳಪ್ಪಣ್ಣನ ಹಳ್ಳಿಕಾರ್ ತಳಿಯ ಎತ್ತು. ಹಲವು ಸಿನಿಮಾಗಳಲ್ಲಿ ಖಳನಾಯಕನನ್ನು ಅಟ್ಟಿಸಿಕೊಂಡು ಹೋಗಿ, ನಾಯಕಿಯ ಕೈಯಿಂದ ಬೆಲ್ಲ ತಿಂದು, ಹೊಸಕೋಟೆ ಸಂತೆಗೆ ಹೋದರೆ ಜನ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುವಷ್ಟು ಹೆಸರು ಮಾಡಿದವನು. ವಯಸ್ಸಾಗಿ ಸತ್ತ. ಊರವರು ಸೇರಿ ಗೋಮಾಳದಲ್ಲೇ ಮಣ್ಣು ಮಾಡಿ, ಮೇಲೆ ಕಟ್ಟೆ ಕಟ್ಟಿ, ಸಿಮೆಂಟಿನ ಪ್ರತಿಮೆ ನಿಲ್ಲಿಸಿದರು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಹಂದಿಯ ಜೊತೆ ಕಾದಾಡಿ ಸತ್ತ ನಾಯಿಗೆ ಶಾಸನದ ಕಲ್ಲು ನಿಲ್ಲಿಸಿ ಪೂಜೆ ಗೊತ್ತುಮಾಡಿದ ನಾಡು ನಮ್ಮದು. ಆ ಶಾಸನ ಬರೆದವನಿಗಿದ್ದ ಅನುಕೂಲವೆಂದರೆ, ನಾಯಿಯ ಯಜಮಾನ ಪಕ್ಕದಲ್ಲಿ ಕೂತು ತಿದ್ದಿರಲಾರ. ನನಗೆ ಆ ಭಾಗ್ಯವಿರಲಿಲ್ಲ. ನಿವೃತ್ತ ಕನ್ನಡ ಮೇಷ್ಟ್ರು ಎಂಬ ಕಾರಣಕ್ಕೆ ಫಲಕದ ಬರಹ ನನ್ನ ಪಾಲಿಗೆ ಬಂದಿತ್ತು. ‘ಅಭಿನಯ ಚತುರ’ ಎಂದು ಬರೆದೆ. ಪಿಳ್ಳಪ್ಪಣ್ಣ ಓದಿಸಿಕೊಂಡು, “ಅಭಿನಯ ಅಂದ್ರೆ ಸುಳ್‌ಸುಳ್ಳೇ ಮಾಡೋದಲ್ವಾ ಮೇಷ್ಟ್ರೇ? ಅವನು ನಿಜವಾಗ್ಲೂ ಓಡ್ದ ಕಣ್ರೀ,” ಎಂದರು. ಆ ಪದ ಹೊಡೆದು ಹಾಕಿದೆ.

ಸರದಾರನ ಜೋಡಿ ಎತ್ತಿನ ಹೆಸರು ಮರಿಯ. ಅವನಿಲ್ಲದೆ ಸರದಾರ ಲಾರಿ ಹತ್ತುತ್ತಿರಲಿಲ್ಲ, ಹಾಗಾಗಿ ಪ್ರತಿ ಶೂಟಿಂಗಿಗೂ ಮರಿಯನೂ ಹೋಗುತ್ತಿದ್ದ. ಅಲ್ಲಿ ನಿರ್ದೇಶಕರು ‘ಕಟ್’ ಎಂದಾಗೆಲ್ಲ ಪಿಳ್ಳಪ್ಪಣ್ಣನಿಗೆ ಅದು ‘ಕಟ್ಟು’ ಎಂದೇ ಕೇಳಿಸುತ್ತಿತ್ತು. ದೊಡ್ಡವರು ಎತ್ತು ಕಟ್ಟು ಅನ್ನುತ್ತಿದ್ದಾರೆಂದು ಓಡಿಹೋಗಿ, ತಾವೂ “ಕಟ್ಟು, ಕಟ್ಟು” ಎನ್ನುತ್ತಾ ಸರದಾರನನ್ನು ಮರಿಯನ ಪಕ್ಕ ಕಟ್ಟಿ, ಇಬ್ಬರಿಗೂ ಬೇಯಿಸಿದ ಹುರುಳಿ ಇಡುತ್ತಿದ್ದರು. ಕ್ಯಾಮೆರಾ ಸಿದ್ಧವಾದರೆ ಮತ್ತೆ ಬಿಚ್ಚುವುದು. ಕೊನೆಗೆ ಎತ್ತುಗಳೇ ಆ ಮಾತು ಕಲಿತವು. ಕಟ್ಟು ಎಂದರೆ ಇದ್ದಲ್ಲೇ ನಿಂತು ಕತ್ತು ತಗ್ಗಿಸುತ್ತಿದ್ದವು. ಇದೆಲ್ಲ ಪಿಳ್ಳಪ್ಪಣ್ಣನ ಹೆಂಡತಿ ಲಕ್ಷ್ಮಮ್ಮ ಆಮೇಲೆ ಹೇಳಿದ್ದು. ಮೊದಲೇ ತಿಳಿದಿದ್ದರೆ ಅಂದು ನಾವು ಅಷ್ಟು ತಪ್ಪು ಮಾಡುತ್ತಿರಲಿಲ್ಲ.

ಅಂದು ಅನಾವರಣಕ್ಕೆಂದು ಪ್ರತಿಮೆಗೆ ಹಳದಿ ಬಟ್ಟೆ ಹೊದಿಸಿದ್ದರು. ಪಿಳ್ಳಪ್ಪಣ್ಣ ಹಾರ ಹಾಕಿದ ಮರಿಯನನ್ನು ಕಟ್ಟೆಯ ಮುಂದೆ ತಂದು, ಮೂಗುದಾರದ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ನಿಂತರು. ತಮಟೆ ಜೋರಾಯಿತು. ಊರ ಹಿರಿಯರು ಬಟ್ಟೆ ಎಳೆದರು. ಗಾಳಿಗೆ ಅದು ಹಾರಿ ಮರಿಯನ ಮುಖದ ಮೇಲೆ ಬಿತ್ತು, ಜಾರಿತು. ಬಟ್ಟೆಗೆ ಹೆದರಿದನೋ, ಬಟ್ಟೆ ಜಾರಿದ ಮೇಲೆ ಎದುರಿಗೆ ಸರದಾರನೇ ನಿಂತದ್ದನ್ನು ಕಂಡು ಬೆದರಿದನೋ, ನಾನು ಹೇಳಲಾರೆ. ನೆಗೆದ. ಪಿಳ್ಳಪ್ಪಣ್ಣ ಬಿದ್ದರು. ಹಗ್ಗ ಮುಂಗೈ ಬಿಡಲಿಲ್ಲ. ಕಟ್ಟೆಯ ಮೂಲೆಯವರೆಗೆ ಅವರನ್ನು ಎಳೆದುಕೊಂಡು ಹೋಗಿ ಮರಿಯ ಅಲ್ಲಿ ತಿರುಗಿದ. ಅವರ ತಲೆ ಕಟ್ಟೆಯ ಕಲ್ಲಿಗೂ ಎತ್ತಿನ ಮುಂಗಾಲಿಗೂ ನಡುವೆ ಇತ್ತು.

ಕೆಳಗಿನಿಂದ ಅವರು ಕೂಗಿದರು: “ಕಟ್ಟು! ಕಟ್ಟು!”

ನಾವು ಕನ್ನಡ ಬಲ್ಲವರು. ಮಾತು ನಮಗೇ ಎಂದುಕೊಂಡೆವು.

“ಹಗ್ಗ ತಾರ್ಲಾ!”

“ಕೊಂಬ್ ಹಿಡ್ಕಳೋ ಗುರು!”

“ನೀನೇ ಹೋಗಿ ಹಿಡಿಯಲೇ, ಬಾಯಲ್ಲೇ ಹಿಡೀತಾನೆ!”

ಇಬ್ಬರು ಹಗ್ಗ ಬೀಸುತ್ತಾ ನುಗ್ಗಿದರು. ಮರಿಯ ಇನ್ನೂ ಬೆದರಿ ಹಿಂಗಾಲು ಝಾಡಿಸಿದ. ಪಿಳ್ಳಪ್ಪಣ್ಣನ ದನಿ ನಮ್ಮ ಗಲಾಟೆಯಲ್ಲಿ ಮುಳುಗಿಹೋಯಿತು. ಅದರಲ್ಲಿ ನನ್ನ ಪಾಲೂ ಇತ್ತು. “ಕಟ್ಟಿ! ಬೇಗ ಕಟ್ಟಿ!” ಎಂದು ವ್ಯಾಕರಣಶುದ್ಧವಾಗಿ, ಬಹುವಚನದಲ್ಲಿ ಕೂಗುತ್ತಿದ್ದೆ.

ಆಗ ಲಕ್ಷ್ಮಮ್ಮ ನುಗ್ಗಿದವರಿಬ್ಬರ ಅಂಗಿ ಹಿಡಿದು ಹಿಂದಕ್ಕೆ ಎಳೆದರು. “ನಿಮ್ಗಲ್ಲ ಕಣ್ರಪ್ಪಾ ಹೇಳ್ತಿರೋದು, ಎತ್ತಿಗೆ! ಬಾಯ್ ಮುಚ್ಕೊಂಡ್ ನಿಂತ್ಕಳ್ರಿ! ತಮಟೆ ನಿಲ್ಸೋ ಮುನಿಶಾಮಿ!”

ತಮಟೆ ನಿಂತಿತು. ನಮ್ಮೂರ ಜನ ಅಷ್ಟು ಸುಮ್ಮನಿದ್ದದ್ದನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ಮರಿಯನ ಉಸಿರು ಕೇಳುತ್ತಿತ್ತು. ಒಂದು ಗೊರಸು ಪಿಳ್ಳಪ್ಪಣ್ಣನ ಕಿವಿಯ ಪಕ್ಕದ ಮಣ್ಣಿನಲ್ಲಿ ಊರಿತ್ತು, ಇನ್ನೊಂದು ಮೇಲೆದ್ದಿತ್ತು. ಅವರು ಮೆಲ್ಲಗೆ, ಮಗುವನ್ನು ಮಲಗಿಸುವ ದನಿಯಲ್ಲಿ, “ಕಟ್ಟು ಕಣೋ ಮರಿಯಾ,” ಎಂದರು. ಎತ್ತಿದ ಗೊರಸು ಗಾಳಿಯಲ್ಲೇ ಇತ್ತು. ಲಕ್ಷ್ಮಮ್ಮ ಸೆರಗಿನ ತುದಿ ಕಚ್ಚಿಕೊಂಡಿದ್ದರು. ಆಮೇಲೆ ಗೊರಸು ಹಿಂದಕ್ಕೆ ಸರಿದು ನೆಲ ಮುಟ್ಟಿತು. ಕತ್ತು ತಗ್ಗಿತು.

ಹಗ್ಗ ಬಿಡಿಸಿ ಗಂಡನನ್ನು ಎಬ್ಬಿಸುತ್ತಿದ್ದ ಲಕ್ಷ್ಮಮ್ಮನ ಹತ್ತಿರ ವಿಡಿಯೊ ತೆಗೆಯುವ ಇಮ್ರಾನ್ ಬಂದ. “ಅಮ್ಮಾ, ಬಟ್ಟೆ ತೆಗ್ದಿದ್ದು ಸರಿಯಾಗ್ ಬಂದಿಲ್ಲ. ಇನ್ನೊಂದ್ ಟೇಕ್...”

“ಟೇಕೂ ಇಲ್ಲ ಗೀಕೂ ಇಲ್ಲ. ನನ್ಗಿರೋದು ಒಬ್ನೇ ಗಂಡ!”

ಜನ ನಕ್ಕರು. ನನಗೆ ನಗು ಬರಲಿಲ್ಲ, ಇನ್ನೂ ಮರ ಹಿಡಿದುಕೊಂಡೇ ಇದ್ದೆ. ಕಿವಿಗೆ ಬಿದ್ದ ಮಾತೆಲ್ಲ ತನಗೇ ಹೇಳಿದ್ದೆಂದು ಓಗೊಡುವುದು ಮೇಷ್ಟ್ರುಗಳ ಕಾಯಿಲೆ ಎಂದುಕೊಂಡಿದ್ದೆ. ಊರಿಗೆ ಊರೇ ಅದನ್ನು ಹಚ್ಚಿಕೊಂಡಿದೆ. ಆ ಕಾಯಿಲೆ ಒಬ್ಬ ಮನುಷ್ಯನನ್ನು ಕೊಲ್ಲುವ ಹತ್ತಿರ ಹೋಗಿದ್ದನ್ನು ನೋಡಿದ ಮೇಲೆ ನಾನು ಉತ್ತರ ಕೊಡುವ ಮುಂಚೆ ಸ್ವಲ್ಪ ತಡೆಯುತ್ತೇನೆ. ನನ್ನ ಕಿವಿ ಮಂದವಾಗಿದೆ ಎಂದು ಮನೆಯವರ ಅನುಮಾನ.

ಬಟ್ಟೆ ಎಳೆದ ಹಿರಿಯರು ಮೊನ್ನೆ ತೀರಿಕೊಂಡರು, ಹಾಸಿಗೆಯ ಮೇಲೆ, ನಿದ್ದೆಯಲ್ಲಿ. ಹತ್ತಿರದಿಂದ ನೋಡಿದವರಲ್ಲಿ ಈಗ ಇರುವವರು ಹಗ್ಗ ಬೀಸಿದ ಆ ಇಬ್ಬರು, ತಮಟೆಯ ಮುನಿಶಾಮಿ, ವಿಡಿಯೊದ ಇಮ್ರಾನ್, ಲಕ್ಷ್ಮಮ್ಮ, ನಾನು, ಮತ್ತು ಕೇಳಿದರೂ ಹೇಳದ ಮರಿಯ. ಇನ್ನೊಂದು ಹೆಸರಿದೆ. ಇರುವವರ ಸಾಲಿನಲ್ಲಿ ಅದನ್ನು ಬರೆಯುವಾಗ ಕೈ ತಾನಾಗಿ ನಿಧಾನವಾಗುತ್ತದೆ: ಪಿಳ್ಳಪ್ಪಣ್ಣ.