ಕಿಲುಬು ಮೇಷ್ಟ್ರು

ನಮ್ಮ ಬೀದಿಯ ರೇಡಿಯೋ ರಿಪೇರಿಯವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತಂತಿಯ ತುದಿಗೆ ಹಿಡಿಯುವ ಹಸಿರು ಕಿಲುಬಿನ ಬಗ್ಗೆ ಸಿಕ್ಕಸಿಕ್ಕವರಿಗೆಲ್ಲ ಪಾಠ ಮಾಡಿ ಮಾಡಿಯೇ ಕಿಲುಬು ಮೇಷ್ಟ್ರಾದರು. ಸ್ಪೀಕರ್ ಗೊರಗುಟ್ಟುತ್ತದೆಂದು ಯಾರಾದರೂ ಹೆಬ್ಬೆರಳು ದಪ್ಪದ ದುಬಾರಿ ಕೇಬಲ್ ತಂದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. "ದಾರ ರೇಷ್ಮೇದಾದ್ರೆ ಹೂವು ಜಾಸ್ತಿ ಘಮ್ ಅನ್ನುತ್ತೇನ್ರೀ? ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ!" ಎಂದು ಗದರಿ, ಗಿರಾಕಿಯ ಬೆನ್ನ ಹಿಂದೆ ಆ ಹೊಸದನ್ನೂ ತಮ್ಮದೊಂದು ಹಳೆಯದನ್ನೂ ಬದಲಿಸಿ ಬದಲಿಸಿ ಹಾಡು ಹಾಕುತ್ತಾರೆ. ಯಾವುದು ಯಾವುದೆಂದು ಸರಿಯಾಗಿ ಹೇಳಿದವರು ಈವರೆಗೆ ಇಲ್ಲ. ಆಮೇಲೆ ಗಿರಾಕಿಯ ಹಳೇ ತಂತಿಯನ್ನೇ ತರಿಸಿ, ಅದರ ಪಿನ್ನನ್ನು ಮಗುವಿನ ಕಿವಿ ಒರೆಸುವಷ್ಟು ಜೋಪಾನವಾಗಿ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜುತ್ತಾರೆ. ಒಮ್ಮೆ ಭಾಷಣದ ನಡುವೆ ಮೈಕು ಗೊರಗುಟ್ಟಿದಾಗ ನೇರ ವೇದಿಕೆ ಹತ್ತಿ, ಪಿನ್ನು ಕಿತ್ತು, ಅಂಗಿಯ ಚುಂಗಿನಲ್ಲಿ ಉಜ್ಜಿ ಸಿಕ್ಕಿಸಿ ಬಂದರು. ಸಭೆ ಆ ಎರಡು ನಿಮಿಷದ ಮೌನಕ್ಕೇ ಹೆಚ್ಚು ಚಪ್ಪಾಳೆ ತಟ್ಟಿತು. "ತಂತೀನ ಬೈಬೇಡಿ, ತುದೀನ ನೋಡಿ" ಎನ್ನುವ ಅವರ ಮಾತು ಎಂದೂ ಸುಳ್ಳಾಗಿದ್ದಿಲ್ಲ. ಆದರೆ ಉಜ್ಜಿದ ಮೇಲೆ ಹಾಡು ಹಾಕಿ ಅವರು ನೋಡುವುದು ಸ್ಪೀಕರನ್ನಲ್ಲ, ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂತ ಹೆಂಡತಿಯನ್ನು ಎಂಬುದು ಬಹಳ ದಿನ ಪಕ್ಕದಲ್ಲಿ ಕೂತ ಮೇಲೆ ನನಗೆ ಕಂಡಿತು. ಮೇಷ್ಟ್ರ ಕಿವಿಗೆ ಸಣ್ಣ ಸದ್ದು ಕೇಳಿಸದೆ ಆರು ವರ್ಷವಾಯಿತಂತೆ. ಗೊರಗೊರ ಇರುವ ತನಕ ಆಕೆಯ ಕಡ್ಡಿಗಳು ನಿಂತಿರುತ್ತವೆ, ಮೇಷ್ಟ್ರು ಮತ್ತೆ ಉಜ್ಜುತ್ತಾರೆ, ಕಡ್ಡಿಗಳು ಆಡತೊಡಗಿದ ಮೇಲಷ್ಟೇ ಗಿರಾಕಿಯ ಕಡೆ ತಿರುಗಿ, "ಈಗ ಕೇಳಿ!" ಎನ್ನುತ್ತಾರೆ.