ಹಳ್ಳದ ದಂಡೆಗೆ ಕರಿಕೆ

ಕಟಕೋಳದ ಕಡೆಯ ಆ ಹಳ್ಳದ ನೀರು ಸಿಹಿಯಾಗಿತ್ತು ಎಂದು ಎಲ್ಲರಿಗೂ ಹೇಳುತ್ತೇನೆ. ನಿಜವಾಗಿ ನೆನಪಿದೆಯೇ, ಅಥವಾ ಹೇಳಿ ಹೇಳಿ ಹಾಗಾಯಿತೇ? ನನ್ನ ಆಗಿನ ದಿನಚರಿಯಲ್ಲಿ ರುಚಿಯ ಮಾತಿಲ್ಲ. ‘ವರತಿ ಕೆಟ್ಟಿತು, ನನ್ನಿಂದ’ ಎಂದಷ್ಟೇ ಇದೆ.

ವರತಿ ಎಂದರೆ ಹಳ್ಳದ ಉಸುಕಿನಲ್ಲಿ ಮೊಣಕೈ ಆಳಕ್ಕೆ ತೋಡಿದ ಕುಳಿ. ನೀರು ಸೋಸಿಕೊಂಡು ತಾನಾಗಿ ಬರುತ್ತಿತ್ತು. ನನ್ನ ಸೋದರತ್ತೆ ತೆಂಗಿನ ಪರಟೆಯಿಂದ ಮೊಗೆದು ಕೊಡ ತುಂಬುತ್ತಿದ್ದಳು. ಊರ ಬಾವಿಯ ನೀರು ಸವಳು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಧಾರವಾಡದಲ್ಲಿ ಕೃಷಿ ಓದಿ, ಸವದತ್ತಿಯಲ್ಲಿ ಮಣ್ಣು ಉಳಿಸುವ ಸರಕಾರಿ ಕೆಲಸಕ್ಕೆ ಸೇರಿದ್ದೆ. ಅಲ್ಲಲ್ಲಿ ಕುಸಿದಿದ್ದ ಆ ದಂಡೆಯನ್ನು ಗಟ್ಟಿ ಮಾಡುವ ಯೋಜನೆ ನನ್ನ ಪಾಲಿಗೆ ಬಂತು. ಬೇಸಿಗೆಯ ಒಂದು ಬೆಳಿಗ್ಗೆ ನಡೆದು ನೋಡಿ ಬರೆದೆ. ಮೊದಲ ಸಾಲು: ಕಳೆ ತೆಗೆಯುವುದು. ನಮ್ಮ ಎರೆಸೀಮೆಯಲ್ಲಿ ಕರಿಕೆ ಹುಲ್ಲಿಗಿಂತ ದೊಡ್ಡ ವೈರಿ ಇಲ್ಲ. ಹೊಲದಲ್ಲಿ ಅದರ ಬೇರು ಅಗೆದು, ಒಣಗಿಸಿ, ಸುಡುವುದನ್ನು ನೋಡುತ್ತ ಬೆಳೆದವನು ನಾನು. ದಂಡೆಯ ಕರಿಕೆಯನ್ನೂ ಅಗೆಸಿದೆ, ಲಕ್ಕಿಯ ಪೊದೆ ಕಡಿಸಿದೆ, ಹಗ್ಗ ಹಿಡಿದು ಸಸಿಗಳನ್ನು ಸಾಲಾಗಿ ನೆಡಿಸಿದೆ.

“ಹಳ್ಳಕ್ಕ ಕ್ಷೌರಾ ಮಾಡಸಾಕ ಹತ್ತೀಯಲ್ಲೋ ಯಪ್ಪಾ” ಎಂದಳು ಅತ್ತೆ. ನಕ್ಕೆನೆಂದು ನನ್ನ ನೆನಪು. ದಿನಚರಿಯ ಪ್ರಕಾರ ಸಿಟ್ಟಾಗಿದ್ದೆ.

ಮೊದಲ ದೊಡ್ಡ ಮಳೆಗೆ ದಂಡೆ ಜಾರಿತು. ಎರೆಮಣ್ಣು ಉಸುಕಿನ ಮೇಲೆ ಗೇಣು ದಪ್ಪ ಕೂತಿತು. ಅತ್ತೆ ಎಲ್ಲಿ ತೋಡಿದರೂ ಕೆಸರು. ಪಕ್ಕದೂರಿನ ಬಾವಿಗೆ ನಡೆಯತೊಡಗಿದಳು. ಅವಳ ಮನೆಗೆ ಊಟಕ್ಕೆ ಹೋದಾಗ ನನ್ನ ತಂಬಿಗೆಯಲ್ಲಿ ಅರ್ಧ ನೀರಿತ್ತು.

ಹಳ್ಳದ ಪಕ್ಕದ ಹೊಲದ ಹಿರಿಯರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಜಾರಿದ ದಂಡೆ ತೋರಿಸಿ ಅವರು ಹೇಳಿದರು: “ಹೊಲದಾಗ ಕರಿಕಿ ವೈರಿ, ಸಾಹೇಬ್ರ. ದಂಡಿ ಮ್ಯಾಲೆ ಅದ ಹೊಲಿಗಿ. ನೀವು ಹೊಲಿಗಿ ಬಿಚ್ಚಿ ಅಂಗೀ ಗುಂಡಿ ಹಚ್ಚೀರಿ.”

ಮರುವರ್ಷ ರೈತರು ಅಗೆದು ಹಾಕಿದ ಕರಿಕೆಯ ಬೇರನ್ನು ಸುಡಗೊಡದೆ ಚಾಚಾನ ಚಕ್ಕಡಿ ಗಾಡಿಯಲ್ಲಿ ದಂಡೆಗೆ ತಂದು ನೆಟ್ಟೆವು. ನೋಡಲು ಊರೇ ಬಂದು ನಿಂತಿತು.

“ಮೂರು ತಲಿಯಿಂದ ನಾವು ಕಡ್ಯಾಕ ಹತ್ತೇವಿ, ಸಾಲಿ ಕಲತಾಂವ ಹಚ್ಚಾಕ ಹತ್ಯಾನ ನೋಡ್ರಿ.”

“ಒಂದ ಎಳಿ ನನ್ನ ಹೊಲಕ್ಕ ಬರಲಿ, ಇವರನ್ನ ಕರಸ್ತೇನಿ. ಗುದ್ದಲಿ ತಗೊಂಡ ಬರ್ರಿ ಸಾಹೇಬ್ರ.”

ಆಗ ಕಲಿತದ್ದನ್ನು ಈಗ ಹಳ್ಳ ಉಳಿಸಲು ಹೊರಟವರಿಗೂ ಹೇಳುತ್ತೇನೆ. ಯೋಜನೆ ಬರೆಯಲು ಕಾಗದ ತೆಗೆಯುವ ಮೊದಲು ಹಳ್ಳವನ್ನು ಬೇಸಿಗೆಯಲ್ಲೊಮ್ಮೆ, ತುಂಬಿ ಹರಿಯುವಾಗೊಮ್ಮೆ ನಡೆದು ನೋಡಿ. ನೀರು ತರುವ ಹೆಂಗಸರನ್ನು ಕೇಳಿ. ಬೇರು ಬಿಟ್ಟು ನಿಂತದ್ದನ್ನು ಮುಟ್ಟಬೇಡಿ. ಲಕ್ಕಿಯ ಕಡ್ಡಿಯನ್ನು ಮೊದಲ ಮಳೆಯ ಹಸಿಯಲ್ಲೇ ಊರಿ, ಎರಡು ಮಳೆಗಾಲ ಆಡು ಬಾರದಂತೆ ಜಾಲಿಮುಳ್ಳು ಹಚ್ಚಿ. ಆಮೇಲೆ ಕಾಯಬೇಕು. ನನಗೆ ಅಲ್ಲಿ ನಿಂತು ಕಾಯಲಾಗಲಿಲ್ಲ, ಬೈಲಹೊಂಗಲಕ್ಕೆ ವರ್ಗವಾಯಿತು. ಕಿತ್ತೂರಿನ ಕಡೆಯಿಂದ ಮೋಡ ಎದ್ದಾಗಲೆಲ್ಲ ದಂಡೆ ನಿಂತಿದೆಯೋ, ಅತ್ತೆ ಇನ್ನೂ ಆ ಬಾವಿಗೇ ನಡೆಯುತ್ತಿದ್ದಾಳೋ ಎಂದು ಜೀವ ಅತ್ತಲೇ ಎಳೆಯುತ್ತಿತ್ತು.

ಎರಡು ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಹೋದೆ. ದಂಡೆ ಹಸಿರಾಗಿತ್ತು, ತಿರುವಿನಲ್ಲಿ ಅಂಗಳದಷ್ಟು ಉಸುಕು ಮತ್ತೆ ಕಾಣುತ್ತಿತ್ತು. ಅತ್ತೆ ಅಲ್ಲಿ ಕುಳಿ ತೋಡಿಕೊಂಡು ಕೂತಿದ್ದಳು. ನೀರು ಬರುತ್ತಿತ್ತು, ಬಹಳ ನಿಧಾನ.

“ಬ್ಯಾಸಗಿತನಕ ಇರತೈತೇನು?” ಎಂದೆ.

“ಅದನ್ನ ನೀ ಹೇಳಬೇಕು, ಕಲತಾಂವ.”

ಆಕೆ ಸರಿದು ಜಾಗ ಮಾಡಿದಳು, ಕೂತೆ. ಕೊಡ ತುಂಬುವಷ್ಟರಲ್ಲಿ ನಾನು ಹಿಂತಿರುಗಬೇಕಿದ್ದ ರಾಮದುರ್ಗದ ಬಸ್ಸು ಹೋಗಿತ್ತು.